ಕೈಯಿಂದ ನೋಡುವ ಪ್ರಾಣಿ

ರಕೂನ್ ಅಂದ ಕೂಡಲೇ ಎಲ್ಲರಿಗೂ ನೆನಪಾಗುವುದು ಅದರ ಮುಖ. ಕಣ್ಣಿನ ಸುತ್ತ ಕಪ್ಪು ಪಟ್ಟಿ, ಚೂಪು ಮೂತಿ, ಹಿಂದೆ ಉಂಗುರ ಉಂಗುರದ ಬಾಲ. ವಾಟ್ಸಾಪ್‌ನಲ್ಲಿ ಬರುವ ವಿಡಿಯೋಗಳಲ್ಲೂ ಕ್ಯಾಮೆರಾ ಮುಖ ಬಿಟ್ಟು ಕದಲುವುದಿಲ್ಲ. ನಾನು ಕೆನಡಾದ ಟೊರೊಂಟೊದಲ್ಲಿ ಈ ಪ್ರಾಣಿಗಳ ನೆರೆಯಲ್ಲೇ ಬದುಕುತ್ತಿದ್ದೇನೆ. ನೋಡುತ್ತಾ ನೋಡುತ್ತಾ ನನಗೆ ಒಂದು ಮಾತು ಖಾತ್ರಿಯಾಗಿದೆ. ರಕೂನ್ ಅರ್ಥವಾಗಬೇಕು ಅಂದರೆ ಮುಖ ಬಿಟ್ಟು ಕೈ ನೋಡಬೇಕು. ಅದು ಎಲ್ಲಿ ಬದುಕುತ್ತದೆ, ಏನು ತಿನ್ನುತ್ತದೆ, ಯಾಕೆ ನಮ್ಮ ಅಟ್ಟ ಹತ್ತುತ್ತದೆ, ನಮಗೂ ಅದಕ್ಕೂ ಯಾಕೆ ಜಗಳ, ಎಲ್ಲವೂ ಆ ಕೈಯಿಂದಲೇ ಶುರುವಾಗುತ್ತದೆ.

ಮೊದಲು ಊರಿನ ಬಗ್ಗೆ ಎರಡು ಮಾತು. ಟೊರೊಂಟೊದ ಒಳಗೇ ಕಾಡು ಹಾದುಹೋಗುತ್ತದೆ. ಡಾನ್, ಹಂಬರ್, ರೂಜ್ ನದಿಗಳು ಮತ್ತು ಅವುಗಳಿಗೆ ಬಂದು ಸೇರುವ ತೊರೆಗಳು ನೆಲ ಕೊರೆದು ಮಾಡಿದ ಆಳವಾದ ಕಣಿವೆಗಳು ಊರಿನ ಉದ್ದಗಲಕ್ಕೂ ಇವೆ. ಇಲ್ಲಿನವರು ಅವನ್ನು ರವೀನ್ ಅನ್ನುತ್ತಾರೆ. ಎಲ್ಲ ಸೇರಿ ಸುಮಾರು 11,000 ಹೆಕ್ಟೇರ್, ಅಂದರೆ ನಗರದ ಶೇಕಡಾ 17ರಷ್ಟು ನೆಲ. 1954ರಲ್ಲಿ ಹೇಜಲ್ ಎಂಬ ಚಂಡಮಾರುತ ಬಂದು ಪ್ರವಾಹದಲ್ಲಿ 81 ಜನ ಸತ್ತ ಮೇಲೆ, ನದಿ ಪಕ್ಕದ ತಗ್ಗಿನಲ್ಲಿ ಮನೆ ಕಟ್ಟುವುದನ್ನು ನಿಲ್ಲಿಸಿದರು. ಹಾಗಾಗಿ ಕಣಿವೆಗಳು ಉಳಿದವು. ಹಿತ್ತಲ ಬೇಲಿ ಮುಗಿದ ಕಡೆ ಇಳಿಜಾರು, ಇಳಿಜಾರಿನ ತುಂಬ ಓಕ್ ಮತ್ತು ಮೇಪಲ್ ಮರ, ಕೆಳಗೆ ನೀರು. ‘ಕಾಡಿನಿಂದ ಊರಿಗೆ ನುಗ್ಗಿವೆ’ ಎಂದು ರಕೂನ್‌ಗಳ ಮೇಲೆ ದೂರು ಹೇಳುವವರನ್ನು ಕಂಡರೆ ನನಗೆ ಬೇಜಾರು. ಅವು ಎಲ್ಲಿಂದಲೂ ಬಂದಿಲ್ಲ. ತಮ್ಮ ಹಳೆಯ ಹಳ್ಳದ ದಂಡೆಯಲ್ಲೇ ಇವೆ. ಸುತ್ತ ಮನೆ ಕಟ್ಟಿಕೊಂಡವರು ನಾವು.

ಕೆನಡಾದ ದಕ್ಷಿಣ ಭಾಗದಿಂದ ಪನಾಮಾದವರೆಗೆ ರಕೂನ್‌ನದ್ದೇ ನೆಲ. ಸಾಮಾನ್ಯವಾಗಿ ಐದರಿಂದ ಒಂಬತ್ತು ಕಿಲೋ ತೂಗುತ್ತದೆ. ಚಳಿಗಾಲದ ಮೊದಲು ಕೊಬ್ಬು ತುಂಬಿಕೊಂಡಾಗ ಅದಕ್ಕಿಂತ ಜಾಸ್ತಿಯೇ ಇರುತ್ತದೆ.

ಒಂದು ಬೇಸಿಗೆಯ ಸಂಜೆ ಮನೆ ಹಿಂದಿನ ತೊರೆಯ ಬಳಿ ಒಂದನ್ನು ತುಂಬ ಹೊತ್ತು ನೋಡಿದ್ದೆ. ಮೊಣಕೈ ಮುಳುಗುವಷ್ಟು ನೀರಿನಲ್ಲಿ ನಿಂತಿತ್ತು. ಮುಖ ಮಾತ್ರ ಆಚೆ ದಡದ ಕಡೆಗೆ. ಕಣ್ಣು ನೀರಿನ ಮೇಲೆ ಇರಲೇ ಇಲ್ಲ. ನೀರಿನ ಒಳಗೆ ಎರಡೂ ಕೈ ಒಂದೇ ಸಮನೆ ಓಡಾಡುತ್ತಿದ್ದವು. ಒಂದು ಕಲ್ಲಿನ ಅಂಚಿಗೆ ಬೆರಳು ತೂರಿಸುವುದು, ಸವರುವುದು, ಮುಂದಿನ ಕಲ್ಲಿಗೆ ಹೋಗುವುದು. ಅವಸರ ಇಲ್ಲ, ಆದರೆ ಒಂದು ಕ್ಷಣವೂ ನಿಲ್ಲುವುದಿಲ್ಲ. ಇದ್ದಕ್ಕಿದ್ದಂತೆ ಭುಜ ಬಿಗಿಯಾಯಿತು. ಕೈ ಮೇಲೆ ಬಂದಾಗ ಎರಡು ಅಂಗೈಗಳ ನಡುವೆ ಒಂದು ಕ್ರೇಫಿಶ್. ಸಿಹಿನೀರಿನಲ್ಲಿ ಇರುವ, ಸಿಗಡಿಗಿಂತ ಗಟ್ಟಿ ಚಿಪ್ಪಿನ, ಕೊಂಡಿ ಕೈಗಳ ಜೀವಿ ಅದು. ರಕೂನ್ ಅದನ್ನು ಅಂಗೈಯಲ್ಲಿ ಚೆನ್ನಾಗಿ ಹೊಸಕಿತು. ಕೊಂಡಿ ಕಚ್ಚಲಾಗದಂತೆ ಆದಮೇಲೆ ಬಾಯಿಗೆ ಹಾಕಿಕೊಂಡಿತು. ಇಷ್ಟೂ ಹೊತ್ತು ಅದು ಆಚೆ ದಡವನ್ನೇ ನೋಡುತ್ತಿತ್ತು. ಆ ಕಡೆಯಿಂದ ನಾಯಿ ಬಂದೀತೇನೋ ಎಂದು ಕಾಯಲು ಕಣ್ಣು ಬೇಕು. ಊಟ ಹುಡುಕಲು ಕೈ ಸಾಕು.

ಅದು ಹೋದ ಮೇಲೆ ದಂಡೆಯ ಕೆಸರಿನಲ್ಲಿ ಕೈ ಗುರುತು ಉಳಿದಿತ್ತು. ಪುಟ್ಟ ಮಗು ಅಂಗೈ ಒತ್ತಿ ಹೋದ ಹಾಗೆ, ಐದು ನೀಳ ಬೆರಳು, ಬಿಡಿಬಿಡಿಯಾಗಿ.

ಆ ಅಂಗೈ ಮೇಲೆ ಕೂದಲಿಲ್ಲ. ಚರ್ಮದಲ್ಲಿ ಸ್ಪರ್ಶ ಅರಿಯುವ ನರತುದಿಗಳು ಕಿಕ್ಕಿರಿದಿವೆ. ಉಗುರಿನ ಮೇಲ್ಭಾಗದಲ್ಲಿ ಬೆಕ್ಕಿನ ಮೀಸೆಯಂಥ ಸೂಕ್ಷ್ಮ ಕೂದಲು ಇರುವುದರಿಂದ, ವಸ್ತು ಬೆರಳಿಗೆ ತಾಗುವ ಮೊದಲೇ ಅದು ಏನೆಂದು ಸುಳಿವು ಸಿಗುತ್ತದೆ. ಇನ್ನು ಮೆದುಳಿನ ವಿಷಯ ಕೇಳಿ. 1959ರಲ್ಲಿ ವೆಲ್ಕರ್ ಮತ್ತು ಸೈಡನ್‌ಸ್ಟೈನ್ ಎಂಬ ವಿಜ್ಞಾನಿಗಳು ರಕೂನ್ ಮೆದುಳಿನಲ್ಲಿ ಸ್ಪರ್ಶಕ್ಕೆ ಮೀಸಲಾದ ಭಾಗವನ್ನು ಅಳೆದು ನಕ್ಷೆ ಮಾಡಿದರು. ಒಂದೊಂದು ಬೆರಳಿಗೂ ಅಲ್ಲಿ ಪ್ರತ್ಯೇಕ ಜಾಗ ಇತ್ತು. ಮೆದುಳಿನ ಮೇಲ್ಮೈಯಲ್ಲಿ ಉಬ್ಬು ಮಡಿಕೆಗಳು ಇರುತ್ತವಲ್ಲ, ಒಂದು ಬೆರಳಿಗೆ ಒಂದು ಮಡಿಕೆ! ಹೆಬ್ಬೆರಳಿನದ್ದೇ ಬೇರೆ, ಕಿರುಬೆರಳಿನದ್ದೇ ಬೇರೆ. ಇದನ್ನು ಓದಿದ ಮೇಲೆ ಆ ಸಂಜೆ ಕಂಡದ್ದು ನನಗೆ ಸ್ಪಷ್ಟವಾಯಿತು. ನೀರಿನೊಳಗೆ ಅದು ತಡಕಾಡುತ್ತಿರಲಿಲ್ಲ, ನೋಡುತ್ತಿತ್ತು.

ರಕೂನ್ ಊಟವನ್ನು ತೊಳೆದು ತಿನ್ನುತ್ತದೆ ಎಂಬ ಮಾತು ಎಲ್ಲ ಕಡೆ ಇದೆ. ಮಕ್ಕಳ ಪುಸ್ತಕಗಳಲ್ಲೂ ಬರುತ್ತದೆ. ಈ ನಂಬಿಕೆ ಬಂದದ್ದು ಪಂಜರದಲ್ಲಿ ಇಟ್ಟ ರಕೂನ್‌ಗಳಿಂದ. ಲಯಾಲ್ ವಾಟ್ಸನ್ ಎಂಬ ಸಂಶೋಧಕ ಲಂಡನ್ ಮೃಗಾಲಯದ ರಕೂನ್‌ಗಳನ್ನು ಪರೀಕ್ಷಿಸಿ 1963ರಲ್ಲಿ ಬರೆದ. ಆಹಾರ ಕೊಳೆಯಾಗಿದೆಯೋ ಇಲ್ಲವೋ ಎಂಬುದಕ್ಕೂ ಅದನ್ನು ನೀರಿಗೆ ಅದ್ದುವುದಕ್ಕೂ ಸಂಬಂಧ ಕಾಣಲಿಲ್ಲ. ಪಂಜರದಲ್ಲಿ ಕಲ್ಲಿಲ್ಲ, ತೊರೆ ಇಲ್ಲ, ಹುಡುಕುವ ಕೆಲಸವಿಲ್ಲ. ತಟ್ಟೆಯಲ್ಲಿ ಊಟ ಬಂದು ಬೀಳುತ್ತದೆ. ಕೈಗೆ ಮಾತ್ರ ತನ್ನ ಕೆಲಸ ಬೇಕು. ಸಿಕ್ಕಿದ್ದನ್ನು ನೀರಿಗೆ ಹಾಕಿ ಮತ್ತೆ ಹುಡುಕಿ ತೆಗೆಯುತ್ತದೆ. ಜೊತೆಗೆ ಚರ್ಮ ಒದ್ದೆಯಾದಾಗ ಅದರ ಸ್ಪರ್ಶ ಇನ್ನೂ ಚುರುಕಾಗುತ್ತದೆ ಎಂದು ಆಮೇಲಿನ ನರವಿಜ್ಞಾನದ ಪ್ರಯೋಗಗಳು ತೋರಿಸಿದವು. ಹಾಗಾಗಿ ‘ಎಷ್ಟು ಶುಚಿ ನೋಡಿ’ ಎಂದು ಊಟ ತೊಳೆಯುವ ರಕೂನ್ ವಿಡಿಯೋ ಯಾರಾದರೂ ಕಳಿಸಿದಾಗ ನನಗೆ ಸಂಕಟವಾಗುತ್ತದೆ. ಹಳ್ಳ ಕಳಕೊಂಡ ಕೈ ಹಳ್ಳವನ್ನು ಹುಡುಕುತ್ತಿರುವುದು ಅಲ್ಲಿ ಕಾಣುವುದು.

ನಮ್ಮ ಕಡೆ ಇದರ ಹತ್ತಿರದ ನೆಂಟರು ಯಾರೂ ಇಲ್ಲ. ಊರಿಂದ ಬಂದಿದ್ದ ಅಮ್ಮ ಮೊದಲ ಸಲ ಮಾಡಿನ ಮೇಲೆ ಕಂಡಾಗ ಕಬ್ಬೆಕ್ಕು ಅಂದುಕೊಂಡಿದ್ದರು. ರಾತ್ರಿ ಓಡಾಟ, ಅಟ್ಟದ ವಾಸ, ಹಣ್ಣಿನ ಆಸೆ ಎರಡಕ್ಕೂ ಉಂಟು, ಆದರೆ ಕುಲ ಬೇರೆ. ಸ್ವಭಾವದಲ್ಲಿ ನನಗೆ ಹೆಚ್ಚು ಹತ್ತಿರ ಅನ್ನಿಸುವುದು ಪಶ್ಚಿಮ ಘಟ್ಟದ ತೊರೆಗಳಲ್ಲಿ ಇರುವ ಚಿಕ್ಕ ಉಗುರಿನ ನೀರುನಾಯಿ. ಕೊಡಗು, ಕುದುರೆಮುಖದ ಕಡೆ ಬೆಟ್ಟದ ಹಳ್ಳಗಳಲ್ಲಿ ಅದು ಬದುಕುತ್ತದೆ. ಅದೂ ಹೀಗೆಯೇ ಕಲ್ಲಿನ ಸಂದಿಗೆ ಬೆರಳು ಹಾಕಿ ಏಡಿ ಹಿಡಿಯುತ್ತದೆ. ವಂಶವೃಕ್ಷದಲ್ಲಿ ಇಬ್ಬರೂ ದೂರದ ದಾಯಾದಿಗಳು. ಎರಡು ಖಂಡಗಳಲ್ಲಿ, ಎರಡು ಹಳ್ಳಗಳಲ್ಲಿ ಒಂದೇ ಕಸುಬು.

ಏನು ತಿನ್ನುತ್ತದೆ ಎಂದು ಪಟ್ಟಿ ಮಾಡುವುದಕ್ಕಿಂತ ಏನು ತಿನ್ನುವುದಿಲ್ಲ ಎಂದು ಕೇಳುವುದು ಸುಲಭ. ಕಪ್ಪೆ, ಎರೆಹುಳ, ಹಕ್ಕಿ ಮೊಟ್ಟೆ, ಆಮೆ ಮೊಟ್ಟೆ, ಕಾಡುದ್ರಾಕ್ಷಿ, ಹಾಲುಗಟ್ಟಿದ ಮುಸುಕಿನ ಜೋಳ. ಶರತ್ಕಾಲದಲ್ಲಿ ಓಕ್ ಮರದ ಕಾಯಿ ಅಂದರೆ ಪ್ರಾಣ. ಆಗ ತಿಂದದ್ದೇ ಚಳಿಗಾಲಕ್ಕೆ ಆಧಾರ. ಇವು ಕರಡಿಗಳ ಹಾಗೆ ದೀರ್ಘ ನಿದ್ದೆಗೆ ಹೋಗುವುದಿಲ್ಲ. ಮೈ ಬಿಸಿ ಇಳಿಯುವುದಿಲ್ಲ. ಹಿಮ ಗಟ್ಟಿಯಾಗಿ ಬಿದ್ದಾಗ ಪೊಟರೆಯಲ್ಲಿ ಮುದುಡಿ ವಾರಗಟ್ಟಲೆ ಮಲಗುತ್ತವೆ, ಸ್ವಲ್ಪ ಬೆಚ್ಚಗಾದ ರಾತ್ರಿ ಎದ್ದು ಒಂದು ಸುತ್ತು ಹೋಗಿ ಬರುತ್ತವೆ. ಚಳಿ ಹೆಚ್ಚಿರುವ ಉತ್ತರದ ಕಡೆ ವಸಂತ ಬರುವಷ್ಟರಲ್ಲಿ ಮೈ ತೂಕದ ಅರ್ಧದವರೆಗೂ ಕಳೆದುಕೊಳ್ಳುವುದುಂಟು. ಫೆಬ್ರವರಿ ಕೊನೆಯಲ್ಲಿ ನಮ್ಮ ಬೇಲಿ ಮೇಲೆ ನಡೆದು ಹೋಗುವ ರಕೂನ್ ಮತ್ತು ಅಕ್ಟೋಬರಿನಲ್ಲಿ ಅದೇ ದಾರಿಯಲ್ಲಿ ಹೋದದ್ದು ಒಂದೇ ಪ್ರಾಣಿ ಎಂದು ನಂಬುವುದು ಕಷ್ಟ.

ಒಂಟಿ ಪ್ರಾಣಿ ಎಂದು ಹಿಂದೆಲ್ಲ ಬರೆಯುತ್ತಿದ್ದರು. ಅದು ಪೂರ್ತಿ ಸರಿಯಲ್ಲ. ನೆಂಟಸ್ತಿಕೆ ಇರುವ ಹೆಣ್ಣುಗಳು ಒಂದೇ ಪ್ರದೇಶದಲ್ಲಿ ಇದ್ದು ಊಟದ ಜಾಗದಲ್ಲಿ ಆಗಾಗ ಸೇರುತ್ತವೆ. ಗಂಡುಗಳು ಮೂರು ನಾಲ್ಕು ಸೇರಿ ಸಡಿಲವಾದ ಗುಂಪು ಮಾಡಿಕೊಂಡು ಹೊರಗಿನ ಗಂಡುಗಳನ್ನು ತಡೆಯುತ್ತವೆ. ಇವಕ್ಕೆಲ್ಲ ಸಾಮಾನ್ಯ ಶೌಚದ ಜಾಗ ಇರುತ್ತದೆ. ಮರದ ಬುಡ, ಬಿದ್ದ ದಿಮ್ಮಿ, ಕೆಲವೊಮ್ಮೆ ನಮ್ಮ ಮರದ ಜಗಲಿ. ಇಲ್ಲಿ ಒಂದು ಎಚ್ಚರಿಕೆ ಹೇಳಲೇಬೇಕು. ಆ ಹಿಕ್ಕೆಯಲ್ಲಿ ರಕೂನ್ ಜಂತುಹುಳುವಿನ ಮೊಟ್ಟೆ ಇರಬಹುದು. ಅದು ಮನುಷ್ಯರ ಹೊಟ್ಟೆ ಸೇರಿದರೆ ಮರಿಹುಳು ಕಣ್ಣಿಗೂ ಮೆದುಳಿಗೂ ಹೋಗಬಲ್ಲದು. ಹಾಗಾಗುವುದು ಅಪರೂಪ, ಆದರೆ ಆದಾಗ ಕೇಡು ದೊಡ್ಡದು. ಮಣ್ಣಾಡುವ ಚಿಕ್ಕ ಮಕ್ಕಳಿರುವ ಮನೆಯವರು ಹಿತ್ತಲನ್ನು ಆಗಾಗ ನೋಡಿಕೊಳ್ಳಬೇಕು. ಕೈಗವಸು, ಕುದಿಯುವ ನೀರು ಇಲ್ಲದೆ ಅದನ್ನು ಮುಟ್ಟಬಾರದು.

ಇನ್ನು ತಾಯಿ ರಕೂನ್. ನನ್ನ ಮನಸ್ಸು ಹೆಚ್ಚು ನಿಲ್ಲುವುದು ಇಲ್ಲೇ.

ಚಳಿಗಾಲದ ಕೊನೆಯಲ್ಲಿ ಕೂಡುತ್ತವೆ. ಗಂಡು ಅಷ್ಟಕ್ಕೇ ಹೊರಟುಹೋಗುತ್ತದೆ. ಸುಮಾರು 63 ದಿನ ಬಸುರು. ಏಪ್ರಿಲ್, ಮೇ ತಿಂಗಳಲ್ಲಿ ಎರಡರಿಂದ ಐದು ಮರಿ. ಹುಟ್ಟುವಾಗ ಕಣ್ಣು ತೆರೆದಿರುವುದಿಲ್ಲ, ಕಿವಿಯೂ ಕೇಳುವುದಿಲ್ಲ. ಕಣ್ಣು ಬಿಡಲು ಮೂರು ವಾರ ಬೇಕು. ಕಾಡಿನಲ್ಲಾದರೆ ಇದಕ್ಕೆ ಬೇಕಾದದ್ದು ವಯಸ್ಸಾದ ಮರದ ದೊಡ್ಡ ಪೊಟರೆ. ಊರಿನಲ್ಲಿ ಹಳೆಯ ಮರ ಎಷ್ಟಿವೆ? ಒಣಗಿದ ಕೊಂಬೆ ಕಂಡರೆ ಸಾಕು, ಗರಗಸದವರನ್ನು ಕರೆಸುತ್ತೇವೆ. ಆದರೆ ಪ್ರತಿ ಮನೆಗೂ ಅಟ್ಟ ಇದೆ. ಒಣಗಿದ, ಬೆಚ್ಚಗಿನ, ಕತ್ತಲೆಯ ಜಾಗ. ಬಸುರಿ ರಕೂನ್ ಮಾಡಿನ ಅಂಚನ್ನೆಲ್ಲ ಬೆರಳಿನಿಂದ ಸವರುತ್ತಾ ಹೋಗುತ್ತದೆ. ಎಲ್ಲಿ ಹಲಗೆ ಸಡಿಲ, ಎಲ್ಲಿ ಮೊಳೆ ತುಕ್ಕು ಹಿಡಿದಿದೆ ಎಂದು ಮನೆ ಯಜಮಾನನಿಗಿಂತ ಮೊದಲು ಅದಕ್ಕೇ ಗೊತ್ತಾಗುತ್ತದೆ.

ನಮ್ಮ ಪಕ್ಕದ ಮನೆಯಲ್ಲಿ ಒಬ್ಬರೇ ಇರುವ ಅಜ್ಜಿಯ ಅಟ್ಟದಲ್ಲಿ ಹೀಗೇ ಒಂದು ಸಂಸಾರ ಸೇರಿತ್ತು. ಹಕ್ಕಿಮರಿಗಳ ಚಿಲಿಪಿಲಿಯಂತೆ ಸದ್ದು. ಕರೆಸಿದ ಕೆಲಸದವನು ಒಳ್ಳೆಯವನು, ಕೆಲಸ ಬಲ್ಲವನು. ಬೋನು ಇಡಲಿಲ್ಲ. ದಪ್ಪ ಕೈಗವಸು ಹಾಕಿಕೊಂಡು ಮೇಲೆ ಹೋಗಿ ಮರಿಗಳನ್ನು ಒಂದೊಂದಾಗಿ ತಂದು, ಬೆಚ್ಚಗಿನ ಪೆಟ್ಟಿಗೆಯಲ್ಲಿಟ್ಟು, ಪೆಟ್ಟಿಗೆಯನ್ನು ಮಾಡಿನ ಮೇಲೆ ಆ ತೂತಿನ ಪಕ್ಕದಲ್ಲೇ ಕಟ್ಟಿದ. ತೂತಿಗೆ ಹೊರಗೆ ಮಾತ್ರ ತೆರೆಯುವ ಬಾಗಿಲು ಹಾಕಿದ. ಕತ್ತಲಾದ ಮೇಲೆ ನಾವಿಬ್ಬರೂ ದೀಪ ಆರಿಸಿ ಅಡುಗೆಮನೆ ಕಿಟಕಿಯಿಂದ ನೋಡುತ್ತಾ ನಿಂತೆವು. ತಾಯಿ ಹೊರಬಂತು. ಪೆಟ್ಟಿಗೆಯ ಮುಚ್ಚಳದ ಸುತ್ತ ಕೈ ಆಡಿಸಿತು. ಒಳಗೆ ಕೈ ಹಾಕಿ ಪ್ರತಿ ಮರಿಯನ್ನೂ ಮುಟ್ಟಿ ಮುಟ್ಟಿ ನೋಡಿತು. ಆಮೇಲೆ ಒಂದರ ಕುತ್ತಿಗೆ ಹಿಂದಿನ ಚರ್ಮ ಬಾಯಲ್ಲಿ ಕಚ್ಚಿಕೊಂಡು, ಮೇಪಲ್ ಮರದ ಕಾಂಡದ ಮೇಲೆ ತಲೆಕೆಳಗಾಗಿ ಇಳಿಯಿತು. ಹಿಂಗಾಲಿನ ಪಾದವನ್ನು ಪೂರ್ತಿ ಹಿಂದಕ್ಕೆ ತಿರುಗಿಸಲು ಬರುವುದರಿಂದ ಅದಕ್ಕೆ ಹಾಗೆ ಇಳಿಯಲು ಸಾಧ್ಯ. ಬೇಲಿ ದಾಟಿ ಕಣಿವೆಯ ಕಡೆ ಹೋಯಿತು. ಮತ್ತೆ ಬಂತು. ಕೊನೆಯ ಮರಿಯನ್ನೂ ಒಯ್ದ ಮೇಲೆ ಇನ್ನೊಂದು ಸಲ ಬಂದು ಖಾಲಿ ಪೆಟ್ಟಿಗೆಯ ಮೂಲೆ ಮೂಲೆಯನ್ನೂ ಕೈಯಿಂದ ಸವರಿ ನೋಡಿ ಹೋಯಿತು. ಅಜ್ಜಿ ಕಣ್ಣು ಒರೆಸಿಕೊಂಡರು. ನಾನೂ.

ತಾಯಿ ರಕೂನ್ ಹೀಗೆ ಒಂದಲ್ಲ, ಹಲವು ಅಡಗುತಾಣ ಗುರುತಿಟ್ಟುಕೊಂಡಿರುತ್ತದೆ. ಒಂದು ಹೋದರೆ ಇನ್ನೊಂದು. ಅದನ್ನು ಹಿಡಿದು ದೂರದ ಕಾಡಿಗೆ ಬಿಟ್ಟರೆ ಈ ತಿಳಿವಳಿಕೆಯೆಲ್ಲ ಒಮ್ಮೆಲೇ ಕೈತಪ್ಪುತ್ತದೆ. ಹಿಂದೆ ಮರಿ ಉಳಿದಿದ್ದರೆ ಅವು ಉಪವಾಸ ಸಾಯುತ್ತವೆ. ಟೊರೊಂಟೊ ಇರುವ ಒಂಟಾರಿಯೊ ಪ್ರಾಂತ್ಯದಲ್ಲಿ ಹಿಡಿದ ಕಾಡುಪ್ರಾಣಿಯನ್ನು ಹಿಡಿದ ಜಾಗದಿಂದ ಒಂದು ಕಿಲೋಮೀಟರ್ ಒಳಗೇ ಬಿಡಬೇಕು ಎಂದು ಕಾನೂನಿದೆ. ಕೆಲವರು ಇದನ್ನು ಕಿರಿಕಿರಿ ಅನ್ನುತ್ತಾರೆ. ನನ್ನ ಮಟ್ಟಿಗೆ ಇದು ಇಲ್ಲಿನ ಒಳ್ಳೆಯ ಕಾನೂನುಗಳಲ್ಲಿ ಒಂದು.

ಅದಕ್ಕೆ ಇನ್ನೊಂದು ಕಾರಣವೂ ಇದೆ. ಅಮೆರಿಕದ ಆಗ್ನೇಯ ರಾಜ್ಯಗಳ ರಕೂನ್‌ಗಳಲ್ಲಿ ರೇಬೀಸ್ ಮೊದಲಿಂದ ಇತ್ತು. 1970ರ ದಶಕದಲ್ಲಿ ಬೇಟೆಯವರು ಅಲ್ಲಿಂದ ರಕೂನ್‌ಗಳನ್ನು ಹಿಡಿದು ಉತ್ತರಕ್ಕೆ ತಂದು ಬಿಟ್ಟರು. 1977ರಲ್ಲಿ ವೆಸ್ಟ್ ವರ್ಜೀನಿಯಾದಲ್ಲಿ ರೋಗ ಕಾಣಿಸಿಕೊಂಡಿತು. ಅಲ್ಲಿಂದ ಪೂರ್ವ ಕರಾವಳಿಯ ಉದ್ದಕ್ಕೂ ಹಬ್ಬಿ, 1999ರಲ್ಲಿ ಗಡಿ ದಾಟಿ ಒಂಟಾರಿಯೊಗೆ ಬಂತು. ಕೆಲವೇ ವರ್ಷಗಳಲ್ಲಿ ಅದನ್ನು ಇಲ್ಲಿಂದ ಓಡಿಸಿದರು. 2015ರ ಡಿಸೆಂಬರಿನಲ್ಲಿ ಹ್ಯಾಮಿಲ್ಟನ್ ಊರಿನಲ್ಲಿ ಮತ್ತೆ ಬಂತು. ರೇಬೀಸ್ ಅಂದರೆ ನಮಗೆ ಊರಿನ ಹುಚ್ಚುನಾಯಿ ನೆನಪು. ಇಲ್ಲಿ ನಾಯಿಗಳಲ್ಲಿ ಅದು ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಭಯ ಇರುವುದು ಬಾವಲಿ, ನರಿ, ನಾತ ಚಿಮ್ಮಿಸುವ ಸ್ಕಂಕ್, ರಕೂನ್‌ಗಳಿಂದ. ಕಾಡುಪ್ರಾಣಿಗೆ ಸೂಜಿ ಚುಚ್ಚುವುದು ಹೇಗೆ? ಲಸಿಕೆ ತುಂಬಿದ ಪುಟ್ಟ ಹಸಿರು ಪೊಟ್ಟಣಗಳನ್ನು ಕಾಡಿನ ಮೇಲೆ ವಿಮಾನ, ಹೆಲಿಕಾಪ್ಟರ್‌ಗಳಿಂದ ಉದುರಿಸುತ್ತಾರೆ, ಊರಿನ ಒಳಗೆ ಕೈಯಿಂದ ಇಡುತ್ತಾರೆ. ಅದಕ್ಕೆ ಸಕ್ಕರೆಪುಡಿ, ಮಾರ್ಷ್‌ಮೆಲೋ ವಾಸನೆ ಹಚ್ಚಿರುತ್ತಾರೆ. ರಕೂನ್ ಅದನ್ನು ಹೆಕ್ಕಿ, ಹೊರಳಿಸಿ, ಕಚ್ಚಿದಾಗ ಲಸಿಕೆ ಬಾಯಿಗೆ ಹೋಗುತ್ತದೆ. ಪ್ರಾಣಿಯನ್ನು ಮುಟ್ಟದೆ ಕಾಪಾಡುವ ಈ ಉಪಾಯ ನನಗೆ ಬಹಳ ಇಷ್ಟ.

ಜನ ತಂದು ಬಿಟ್ಟದ್ದರ ಕಥೆ ಬೇರೆ ಖಂಡಗಳಲ್ಲೂ ಇದೆ. ಜರ್ಮನಿಯಲ್ಲಿ 1934ರ ಏಪ್ರಿಲ್ 12ರಂದು ಎಡರ್ ಸರೋವರದ ಬಳಿ ಎರಡು ಜೋಡಿ ರಕೂನ್ ಬಿಟ್ಟರು. ಇವತ್ತು ಹತ್ತಿರದ ಕಾಸೆಲ್ ನಗರದ ಮಾಡುಗಳ ಮೇಲೆಲ್ಲ ಅವು ತುಂಬಿವೆ. ಜಪಾನಿನಲ್ಲಿ 1977ರಲ್ಲಿ ಟಿವಿಯಲ್ಲಿ ಬಂದ ಒಂದು ಕಾರ್ಟೂನ್ ನೋಡಿ ಮನೆಮನೆಯ ಮಕ್ಕಳಿಗೂ ರಕೂನ್ ಬೇಕಾಯಿತು. ಸಾವಿರಗಟ್ಟಲೆ ತರಿಸಿದರು. ಮರಿ ಬೆಳೆದು ದೊಡ್ಡದಾಗಿ, ಕಪಾಟು ತೆಗೆದು, ಕೈ ಕಚ್ಚಲು ಶುರು ಮಾಡಿದಾಗ ಕಾಡಿಗೆ ಬಿಟ್ಟರು. ಈಗ ಅಲ್ಲಿನ ಬೆಳೆಗೂ ಹಳೆಯ ಮರದ ದೇಗುಲಗಳಿಗೂ ಅವುಗಳಿಂದ ಹಾನಿ. ಅವನ್ನು ಹಿಡಿದು ಕೊಲ್ಲುತ್ತಾರೆ. ತಪ್ಪು ಯಾರದ್ದು, ಸಾಯುತ್ತಿರುವುದು ಯಾರು? ಬೆಂಗಳೂರಿನಲ್ಲೂ ವಿದೇಶಿ ಪ್ರಾಣಿ ಸಾಕುವ ಹುಚ್ಚು ಜಾಸ್ತಿಯಾಗುತ್ತಿದೆ ಎಂದು ಕೇಳುವಾಗ ಈ ಜಪಾನಿನ ಕಥೆಯನ್ನು ಎಲ್ಲರಿಗೂ ಹೇಳಬೇಕು ಅನ್ನಿಸುತ್ತದೆ.

ಅದರ ಜಾಣತನದ ಬಗ್ಗೆ ಬರೆಯದಿದ್ದರೆ ಹೇಗೆ? 1907ರಲ್ಲಿ ಡೇವಿಸ್ ಎಂಬಾತ ಹನ್ನೆರಡು ರಕೂನ್‌ಗಳಿಗೆ ಅಗುಳಿ, ಕೊಕ್ಕೆ, ಚಿಲಕ ಎಲ್ಲ ಹಾಕಿದ ಪೆಟ್ಟಿಗೆಗಳನ್ನು ಕೊಟ್ಟು ನೋಡಿದ. ಹದಿಮೂರು ಬಗೆಯ ಬೀಗಗಳಲ್ಲಿ ಹನ್ನೊಂದನ್ನು ಹತ್ತು ಪ್ರಯತ್ನದೊಳಗೆ ತೆಗೆದವು. 2017ರಲ್ಲಿ ಮೆದುಳಿನ ನರಕೋಶ ಎಣಿಸಿದವರು ಕಂಡದ್ದು ಇನ್ನೂ ಸೋಜಿಗ. ರಕೂನ್ ಮೆದುಳು ಬೆಕ್ಕಿನ ಮೆದುಳಿನಷ್ಟೇ ದೊಡ್ಡದು, ಆದರೆ ಅದರ ಹೊರಪದರದಲ್ಲಿ ನರಕೋಶಗಳು ನಾಯಿಯ ಲೆಕ್ಕಕ್ಕೆ ಹತ್ತಿರ. ನಮ್ಮ ನಗರ 2016ರಲ್ಲಿ ಸುಮಾರು 31 ಮಿಲಿಯನ್ ಡಾಲರ್ ಯೋಜನೆಯಲ್ಲಿ ಅಡುಗೆ ಕಸಕ್ಕೆ ಹೊಸ ಡಬ್ಬಿ ಹಂಚಿತು. ಮುಚ್ಚಳಕ್ಕೆ ತಿರುಗಿಸುವ ಬೀಗ. ರಕೂನ್‌ಗೆ ನಮ್ಮ ಹಾಗೆ ಹೆಬ್ಬೆರಳನ್ನು ಮಡಚಿ ಹಿಡಿಯಲು ಬರುವುದಿಲ್ಲ ಎಂಬ ಲೆಕ್ಕಾಚಾರ. ಹೆಚ್ಚಿನವು ಸೋತವು. ಆದರೂ ಕೆಲವು ರಕೂನ್‌ಗಳು ಡಬ್ಬಿ ಉರುಳಿಸಿ, ಬೀಗ ತಿರುಗಿಸಿದ್ದು ಕ್ಯಾಮೆರಾದಲ್ಲಿ ಸಿಕ್ಕಿದೆ. ಇಲ್ಲಿನ ಯಾರ್ಕ್ ವಿಶ್ವವಿದ್ಯಾಲಯದ ಸಂಶೋಧಕಿ ಸುಝಾನ್ ಮ್ಯಾಕ್‌ಡೊನಾಲ್ಡ್ ರಕೂನ್‌ಗಳ ಕೊರಳಿಗೆ ಜಿಪಿಎಸ್ ಪಟ್ಟಿ ಕಟ್ಟಿ ನೋಡಿದಾಗ, ಊರಿನ ರಕೂನ್‌ಗಳು ದೊಡ್ಡ ರಸ್ತೆ ದಾಟುವುದನ್ನು ಬಿಟ್ಟಿದ್ದವು. ಕೆಲವೇ ಬೀದಿಗಳ ಒಳಗೇ ಜೀವನ.

ದಾಟುವುದನ್ನು ಬಿಟ್ಟರೂ ರಸ್ತೆಯೇ ಹೆಚ್ಚು ಕೊಲ್ಲುವುದು, ರಸ್ತೆ ಮತ್ತು ನಾಯಿಗಳಿಗೂ ಬರುವ ಡಿಸ್ಟೆಂಪರ್ ಎಂಬ ಅಂಟುರೋಗ. ಸಾಕಿದರೆ ಇಪ್ಪತ್ತು ವರ್ಷದವರೆಗೆ ಬದುಕಬಲ್ಲ ಪ್ರಾಣಿ, ಹೊರಗೆ ಸಾಮಾನ್ಯವಾಗಿ ಎರಡು ಮೂರು ವರ್ಷ ಬದುಕಿದರೆ ಹೆಚ್ಚು. 2015ರ ಜುಲೈ 9ರಂದು ಯಂಗ್ ಮತ್ತು ಚರ್ಚ್ ಬೀದಿಗಳು ಸೇರುವ ಕಡೆ ಒಂದು ರಕೂನ್ ಸತ್ತು ಬಿದ್ದಿತ್ತು. ಒಯ್ಯುವವರು ಬೇಗ ಬರಲಿಲ್ಲ. ದಾರಿಹೋಕರು ಪಕ್ಕದಲ್ಲಿ ಹೂವಿಟ್ಟರು. ಮೊಂಬತ್ತಿ ಹಚ್ಚಿದರು. ಕಾನ್ರಾಡ್ ಎಂದು ಹೆಸರಿಟ್ಟರು, ಕಾಗದದಲ್ಲಿ ವಿದಾಯ ಬರೆದಿಟ್ಟರು. ಅದನ್ನು ತಮಾಷೆ ಎಂದು ಜಗತ್ತಿನ ಪತ್ರಿಕೆಗಳು ಬರೆದವು. ನನಗೆ ಹಾಗೆ ಅನ್ನಿಸಲಿಲ್ಲ. ಪ್ರತಿದಿನ ಕಸದ ಡಬ್ಬಿಗಾಗಿ ಜಗಳವಾಡುವ ಊರು, ಜಗಳದ ಎದುರಾಳಿ ಸತ್ತಾಗ ನಿಂತು ನೋಡಿತು.

ಅಮ್ಮ ಇಲ್ಲಿದ್ದಷ್ಟು ದಿನ ಒಂದೇ ಮಾತು. ‘ಅಲ್ವೇ, ಬೆಳಿಗ್ಗೆ ಕಾಗೆಗೆ ಹಾಕ್ತೀವಿ, ನಾಯಿಗೆ ಹಾಕ್ತೀವಿ. ಇದಕ್ಕೂ ಒಂದು ಹಿಡಿ ಅನ್ನ ಇಟ್ಟರೆ ಏನಾಗುತ್ತೆ?’ ಆ ಮಾತಿನ ಹಿಂದಿನ ಮನಸ್ಸು ನನಗೆ ಗೊತ್ತು, ನಾನೂ ಅದೇ ಮನೆಯಲ್ಲಿ ಬೆಳೆದವಳು. ‘ಬೇಡಮ್ಮಾ’ ಎಂದು ಕೂರಿಸಿ ಹೇಳಿದೆ. ಊಟ ಸಿಗುವ ಕಡೆ ಹತ್ತಾರು ಸೇರುತ್ತವೆ. ಒಂದಕ್ಕೆ ಡಿಸ್ಟೆಂಪರ್ ಇದ್ದರೆ ಎಲ್ಲಕ್ಕೂ ಹರಡುತ್ತದೆ. ಜನರ ಭಯ ಹೋದ ರಕೂನ್ ಮುಂದಿನ ಮನೆಯ ಮಗುವಿನ ಕೈಯಲ್ಲಿರುವ ಬಿಸ್ಕತ್ತಿಗೂ ಕೈ ಚಾಚುತ್ತದೆ. ಒಂದು ಗೀರು, ಒಂದು ಕಡಿತ ಆದರೆ ಮುಗಿಯಿತು. ರೇಬೀಸ್ ಇದೆಯೇ ಎಂದು ತಿಳಿಯಲು ಮೆದುಳನ್ನೇ ಪರೀಕ್ಷೆ ಮಾಡಬೇಕು. ಅಂದರೆ ರೋಗ ಇಲ್ಲದಿದ್ದರೂ ಅದನ್ನು ಕೊಲ್ಲುತ್ತಾರೆ. ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಹಾಗಾದ್ರೆ ಡಬ್ಬಿ ಸರಿಯಾಗಿ ಮುಚ್ಚು’ ಎಂದರು. ಅಮ್ಮ ಊರಿಗೆ ಹೋದ ಮೇಲೂ ಫೋನಿನಲ್ಲಿ ಮೊದಲು ಕೇಳುವುದು ಡಬ್ಬಿ ಮುಚ್ಚಿದೆಯಾ ಎಂದೇ.

2025ರಲ್ಲಿ ಅರ್ಕನ್ಸಾ ರಾಜ್ಯದ ಸಂಶೋಧಕರ ಗುಂಪೊಂದು ಅಮೆರಿಕದ ಜನ ತೆಗೆದು ಅಂತರ್ಜಾಲಕ್ಕೆ ಹಾಕಿದ ಸಾವಿರಾರು ರಕೂನ್ ಫೋಟೋಗಳನ್ನು ಅಳೆದು ನೋಡಿತು. ನಗರದ ರಕೂನ್‌ಗಳ ಮೂತಿ ಹಳ್ಳಿಗಾಡಿನವುಗಳದ್ದಕ್ಕಿಂತ ಶೇಕಡಾ 3.5ರಷ್ಟು ಗಿಡ್ಡವಾಗಿದೆಯಂತೆ. ಮನುಷ್ಯರ ಪಕ್ಕ ಬದುಕುವ ಪ್ರಾಣಿ ಪಳಗುವ ದಾರಿಯ ಮೊದಲ ಗುರುತು ಇದಿರಬಹುದು ಎಂದು ಅವರ ಊಹೆ. ಇರಬಹುದು. ಆದರೆ ಫೋಟೋ ತೆಗೆಯುವವರು ಮುಖವನ್ನೇ ತೆಗೆಯುತ್ತಾರೆ, ಹಾಗಾಗಿ ಅಳೆಯಲು ಸಿಕ್ಕಿದ್ದು ಮೂತಿ. ಕಲ್ಲಿನ ಸಂದಿ ಬಿಟ್ಟು ಚಿಲಕ, ಕೊಕ್ಕೆಗಳ ಮೇಲೆ ಓಡಾಡುವ ಬೆರಳುಗಳಲ್ಲಿ, ಆ ಐದು ಮಡಿಕೆಗಳಲ್ಲಿ ಏನಾಗುತ್ತಿದೆ ಎಂದು ಯಾರಾದರೂ ನೋಡಬೇಕು. ನನಗಂತೂ ಅದನ್ನು ಓದುವ ಆಸೆ ಬಹಳ ಇದೆ. ಅಲ್ಲಿಯವರೆಗೆ, ರಕೂನ್ ಕಂಡ ಯಾರೇ ಆಗಲಿ ದೂರದಿಂದಲೇ ಒಂದು ಫೋಟೋವನ್ನಾದರೂ ಕ್ಯಾಮೆರಾ ಅದರ ಕೈ ಕಡೆ ತಿರುಗಿಸಿ ತೆಗೆಯಿರಿ.